ಹೆರಿಗೆ ಆಸ್ಪತ್ರೆ ಸೇರಿತು, ಬಸುರಿಯ ತಟ್ಟೆ?

ಮೈಸೂರಿನ ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಒಂದು ಶಿಸ್ತು ನಡೆದುಬಂದಿತ್ತು. ಮಗು ಹುಟ್ಟಿದ ಮೇಲೆ ತೂಕ ನೋಡಿ, ಉದ್ದ ಅಳೆದು, ತಲೆಯ ಸುತ್ತಳತೆ ಹಿಡಿದು ದಾಖಲೆ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ತಾಯಿಯ ತೂಕವನ್ನೂ ಬರೆಯುತ್ತಿದ್ದರು. ದಶಕಗಳು ಕಳೆದ ಮೇಲೆ ಸಂಶೋಧಕರು ಆ ಪುಸ್ತಕಗಳನ್ನು ಹಿಡಿದು ಆಸ್ಪತ್ರೆಯ ಸುತ್ತಲಿನ ಮನೆಮನೆ ತಿರುಗಿದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಪರೀಕ್ಷಿಸಿ 1996ರಲ್ಲಿ ವರದಿ ಪ್ರಕಟಿಸಿದರು. ಹುಟ್ಟುವಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಬಂದಿತ್ತು. 3.1 ಕೆಜಿಗಿಂತ ಹೆಚ್ಚಿದ್ದವರಲ್ಲಿ ನೂರಕ್ಕೆ 3 ಮಂದಿಗಷ್ಟೇ. ತಾಯಿ ಸೊರಗಿದ್ದಷ್ಟೂ ಮಗುವಿಗೆ ಮುಂದೆ ಅಪಾಯ ಹೆಚ್ಚು ಎಂಬುದೂ ಅದೇ ಲೆಕ್ಕದಿಂದ ಹೊರಬಿತ್ತು.

ಬಸುರಿ ಏನು ಉಣ್ಣುತ್ತಾಳೆ ಎಂಬುದು ದಶಕಗಳಾಚೆಗಿನ ಎದೆನೋವಿನವರೆಗೂ ಚಾಚುತ್ತದೆ ಎಂದು ನಮ್ಮ ನಾಡಿನದೇ ಪುಸ್ತಕ ಹೇಳಿತು. ನಾವು ಮಾತ್ರ ಈ ಅಷ್ಟೂ ಕಾಲ ಹೆರಿಗೆ ಎಲ್ಲಿ ಆಗಬೇಕು ಎಂಬ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದೆವು.

ಹಿಂದೆಲ್ಲ ಹೆಚ್ಚಿನ ಹೆರಿಗೆ ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲೇ. ಹೆರಿಗೆಯನ್ನು ಮೈಲಿಗೆ ಎಂದುಕೊಂಡ ಊರುಗಳು ಆ ಕೆಲಸವನ್ನು ಹೆಚ್ಚಾಗಿ ಕೆಳಜಾತಿಯ ಹೆಂಗಸರಿಗೇ ಬಿಟ್ಟಿದ್ದವು. ಕೂಲಿ ಎಂದರೆ ಮೊರದಲ್ಲಿ ಅಕ್ಕಿ, ಬೆಲ್ಲ, ಎಲೆಅಡಿಕೆ, ಬಹಳವಾದರೆ ಒಂದು ಸೀರೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಅಜ್ಜಿಯಿಂದ ಕಲಿತ ವಿದ್ಯೆಯಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, ಅದೂ ದುಡ್ಡು ಮುಟ್ಟದೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹೊಟ್ಟೆ ಮುಟ್ಟಿ ಮಗು ಯಾವ ಕಡೆ ತಿರುಗಿದೆ ಎಂದು ಹೇಳುವ ಕೈ ಅವರದು. ನೋವು ತಿನ್ನುವವಳ ಪಕ್ಕ ಇಡೀ ರಾತ್ರಿ ಕೂರುವ ತಾಳ್ಮೆಯೂ ಆ ಕಸುಬಿನಲ್ಲಿ ಸೇರಿತ್ತು.

ಹಾಗೆಂದು ಆ ಕಾಲವನ್ನು ಹೊಗಳಿ ಕೂರುವಂತಿಲ್ಲ. ಕುಡುಗೋಲು, ತುಕ್ಕು ಹಿಡಿದ ಬ್ಲೇಡಿನಿಂದ ಹೊಕ್ಕುಳಬಳ್ಳಿ ಕತ್ತರಿಸಿ ಧನುರ್ವಾಯುವಿಗೆ ತುತ್ತಾದ ಕೂಸುಗಳಿಗೆ ಲೆಕ್ಕವಿಲ್ಲ. ಬಾಣಂತಿಯರ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ಗೆದ್ದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2015ರಲ್ಲಿ. ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ಹೋದರೆ ಎಂಥ ಸೂಲಗಿತ್ತಿಯೂ ಕೈಚೆಲ್ಲಬೇಕಿತ್ತು. ಅದಕ್ಕೆ ಗರ್ಭಕೋಶ ಬಿಗಿಯುವ ಚುಚ್ಚುಮದ್ದು ಬೇಕು, ರಕ್ತ ಬೇಕು, ವೈದ್ಯರು ಬೇಕು.

ಸರ್ಕಾರ ಸೂಲಗಿತ್ತಿಯ ಜಾಗಕ್ಕೆ ತಂದದ್ದು ಎಎನ್‌ಎಂ ಎಂಬ ತರಬೇತಾದ ಸಹಾಯಕ ದಾದಿಯನ್ನು, ಹಳ್ಳಿಯವರ ಬಾಯಲ್ಲಿ ‘ನರ್ಸಮ್ಮ’ನನ್ನು. ಅವರ ಮೊದಲ ಕೆಲಸ ಹೆರಿಗೆ ಮಾಡಿಸುವುದೇ. ಆದರೆ 1973ರ ಕರ್ತಾರ್ ಸಿಂಗ್ ಸಮಿತಿಯ ವರದಿಯ ನಂತರ ಅವರು ವಿವಿಧೋದ್ದೇಶ ಕಾರ್ಯಕರ್ತೆಯಾದರು. ಕುಟುಂಬ ಯೋಜನೆ, ಲಸಿಕೆ, ಕಡತ, ಸಮೀಕ್ಷೆ ಎಲ್ಲವೂ ಹೆಗಲೇರಿದವು. ಹೆರಿಗೆಯ ಕೌಶಲ ಕೈ ಜಾರಿತು. ಇಡೀ ಕತೆಯಲ್ಲಿ ದೊಡ್ಡ ತಪ್ಪು ಇದು ಎಂದೇ ನನ್ನ ಅಭಿಪ್ರಾಯ. ಸೂಲಗಿತ್ತಿಯನ್ನು ಹಿಂದಕ್ಕೆ ಸರಿಸಿದೆವು, ಅವಳ ಜಾಗದಲ್ಲಿ ಪೂರ್ತಿ ಸೂಲಗಿತ್ತಿಯಾಗಬಲ್ಲ ಇನ್ನೊಬ್ಬಳನ್ನು ಬೆಳೆಸಲಿಲ್ಲ.

2005ರಲ್ಲಿ ಆಸ್ಪತ್ರೆಯಲ್ಲಿ ಹೆತ್ತವರಿಗೆ ಹಣ ಕೊಡುವ ಜನನಿ ಸುರಕ್ಷಾ ಯೋಜನೆ ಬಂತು, ಆಶಾ ಕಾರ್ಯಕರ್ತೆಯರು ಬಂದರು, ಆಮೇಲೆ 108 ಆಂಬುಲೆನ್ಸ್ ಬಂತು. ಕರ್ನಾಟಕದಲ್ಲಿ 2005-06ರಲ್ಲಿ ನೂರಕ್ಕೆ 65ರಷ್ಟಿದ್ದ ಆಸ್ಪತ್ರೆ ಹೆರಿಗೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ 97ಕ್ಕೆ ಏರಿತು. ಲಕ್ಷ ಜೀವಂತ ಜನನಕ್ಕೆ 2001-03ರಲ್ಲಿ 228 ತಾಯಂದಿರು ಸಾಯುತ್ತಿದ್ದರು, 2018-20ರಲ್ಲಿ 69. ಇದು ಸಣ್ಣ ಗೆಲುವಲ್ಲ. ಅಷ್ಟು ಮನೆಗಳಲ್ಲಿ ಅಮ್ಮ ಉಳಿದಳು.

ಅದೇ ಸಮೀಕ್ಷೆಯ ಇನ್ನೊಂದು ಪುಟ ಓದಿದರೆ ಮನಸ್ಸು ಕುಗ್ಗುತ್ತದೆ. ರಾಜ್ಯದ ಗರ್ಭಿಣಿಯರಲ್ಲಿ ನೂರಕ್ಕೆ 45.7 ಮಂದಿಗೆ ರಕ್ತಹೀನತೆ. ಐದು ವರ್ಷ ಹಿಂದೆ 45.4 ಇತ್ತು. ಐದು ವರ್ಷದೊಳಗಿನ ಮಕ್ಕಳಲ್ಲಿ 60.9 ಇದ್ದದ್ದು 65.5ಕ್ಕೆ ಏರಿದೆ. ಹೆರಿಗೆಯ ಜಾಗ ಬದಲಾಯಿತು, ಹೆರುವವಳ ಮೈಯ ರಕ್ತ ಇದ್ದಲ್ಲೇ ಇದೆ. ಗಟ್ಟಿಮುಟ್ಟಾದವಳು ಅರ್ಧ ಲೀಟರ್ ರಕ್ತ ಹೋದರೂ ತಡೆದುಕೊಳ್ಳುತ್ತಾಳೆ. ಹಿಮೋಗ್ಲೋಬಿನ್ 7 ಗ್ರಾಂಗಿಂತ ಕೆಳಗಿದ್ದವಳಿಗೆ ಅಷ್ಟೇ ರಕ್ತಸ್ರಾವ ಪ್ರಾಣಕ್ಕೆ ಕುತ್ತಾಗಬಹುದು, ಅವಳು ಆಸ್ಪತ್ರೆಯ ಮಂಚದ ಮೇಲೇ ಇದ್ದರೂ.

ಊಟದ ಯೋಜನೆಗಳು ಇಲ್ಲವೆಂದಲ್ಲ. ಅಂಗನವಾಡಿಯ ಮೂಲವಾದ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ ಯೋಜನೆ) 1975ರ ಅಕ್ಟೋಬರ್ 2ರಂದು ಶುರುವಾದಾಗ ನಮ್ಮ ರಾಜ್ಯದಿಂದ ಪ್ರಯೋಗಕ್ಕೆ ಆರಿಸಿದ್ದು ಟಿ. ನರಸೀಪುರವನ್ನು. 2017ರ ಅದೇ ತಾರೀಖಿಗೆ ಮಾತೃಪೂರ್ಣ ಬಂತು. ಬಸುರಿ, ಬಾಣಂತಿಯರು ಅಂಗನವಾಡಿಗೇ ಬಂದು ಬಿಸಿಯೂಟ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ತಿಂದು, ಕಬ್ಬಿಣದ ಮಾತ್ರೆ ನುಂಗಿ ಹೋಗಬೇಕು ಎಂಬುದು ಅದರ ಲೆಕ್ಕಾಚಾರ. ಯೋಚನೆ ಸರಿಯಾಗಿಯೇ ಇತ್ತು. ಆದರೆ ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟು, ಮಂಚದ ಕೆಳಗೆ ಕೆಂಡ ಇಟ್ಟುಕೊಂಡು ಮಲಗಿಸಿದ ಬಾಣಂತಿಯನ್ನು ಯಾವ ಅತ್ತೆ ಹೊಸಿಲು ದಾಟಿಸುತ್ತಾಳೆ?

ನಮ್ಮಜ್ಜಿ ಮಾಡುತ್ತಿದ್ದ ಬಾಣಂತನವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ, ತುಪ್ಪ, ಸಬ್ಬಸಿಗೆ ಸೊಪ್ಪು ಎಲ್ಲ ಸರಿ. ನೀರು ಮಾತ್ರ ಸಣ್ಣ ಲೋಟದಲ್ಲಿ ಅಳೆದು ಕೊಡುತ್ತಿದ್ದಳು, ಹಣ್ಣು ಥಂಡಿ ಎಂದು ಬೇಡ. ಬಸುರಿಯಾಗಿದ್ದಾಗ ಜಾಸ್ತಿ ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟ ಎನ್ನುವುದು, ಕಬ್ಬಿಣದ ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆ ಎನ್ನುವುದು ಇಂದಿಗೂ ಕೇಳಿಬರುವ ಮಾತು. ನುಂಗುವವರೂ ಎಷ್ಟೋ ಸಲ ಟೀ ಜೊತೆ ನುಂಗುತ್ತಾರೆ, ಟೀ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ನಿಂಬೆ ಪಾನಕದ ಜೊತೆ ತಗೋ ಎಂದು ಪಕ್ಕದಲ್ಲಿ ಕೂತು ಹೇಳುವವಳು ಬೇಕು. ಐದು ನಿಮಿಷದ ತಪಾಸಣೆಯಲ್ಲಿ ಅದಕ್ಕೆ ಬಿಡುವಿಲ್ಲ.

2018ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸೂಲಗಿತ್ತಿ ಸೇವೆಗೆ ಹೊಸ ಮಾರ್ಗಸೂಚಿ ಹೊರಡಿಸಿತು. ನರ್ಸಿಂಗ್ ಓದಿದವರಿಗೆ ಹದಿನೆಂಟು ತಿಂಗಳ ವಿಶೇಷ ತರಬೇತಿ ಕೊಟ್ಟು, ಸಹಜ ಹೆರಿಗೆಯ ಪೂರ್ತಿ ಹೊಣೆಯನ್ನು ಅವರಿಗೇ ಒಪ್ಪಿಸುವುದು. ನರಸಮ್ಮ ತೀರಿಕೊಂಡದ್ದು ಅದೇ ತಿಂಗಳ 25ರಂದು, 98ನೇ ವಯಸ್ಸಿನಲ್ಲಿ. ರಾಜ್ಯದ ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆರಿಗೆ ಸಿಸೇರಿಯನ್ ಆಗುತ್ತಿರುವಾಗ ಹೀಗೆ ತರಬೇತಾದ ಸೂಲಗಿತ್ತಿಯರು ಹಳ್ಳಿ ಹಳ್ಳಿಗೂ ಬೇಕು. ಅವರ ಚೀಲದಲ್ಲಿ ಚುಚ್ಚುಮದ್ದಿನ ಜೊತೆ ಊಟದ ಮಾತೂ ಇರಬೇಕು.

ನಮ್ಮೂರ ಅಂಗನವಾಡಿಯಲ್ಲಿ ಒಂದು ಮಧ್ಯಾಹ್ನ ಏಳು ತಿಂಗಳ ಬಸುರಿಯೊಬ್ಬಳು ಉಣ್ಣುತ್ತಾ ಕೂತಿದ್ದಳು. ಅನ್ನ ಸಾರು ಮುಗಿಸಿದಳು, ಮೊಟ್ಟೆಯನ್ನು ಮಾತ್ರ ಮೆಲ್ಲಗೆ ಸೆರಗಿನ ತುದಿಗೆ ಕಟ್ಟಿಕೊಂಡಳು. ಟೀಚರ್ ನೋಡಿದರು. “ಇಲ್ಲೇ ತಿನ್ನವ್ವ, ಮನೇಲಿ ಆ ಮೊಟ್ಟೆ ನಿನ್ನ ಬಾಯಿಗೆ ಬರಲ್ಲ.” ಅವಳು ತಲೆ ತಗ್ಗಿಸಿ ನಕ್ಕಳು. “ದೊಡ್ಡದು ಕಾಯ್ತಾ ಇರ್ತದೆ ಟೀಚರ್.” ಟೀಚರ್ ಒಂದು ಗಳಿಗೆ ಸುಮ್ಮನಿದ್ದು, ಪಾತ್ರೆಯಿಂದ ಇನ್ನೊಂದು ಮೊಟ್ಟೆ ತೆಗೆದು ಅವಳ ತಟ್ಟೆಗಿಟ್ಟು, ತಿಂದು ಮುಗಿಸುವವರೆಗೂ ಎದುರಿಗೇ ಕೂತರು.