ರಿಯಾಕ್ಷನ್ ನೀರಲ್ಲಾಯ್ತು, ಸರಿ. ಆಮೇಲೆ?

'ಸರ್, ಸಾಲ್ವೆಂಟೇ ಬೇಡ, ನೀರಲ್ಲೇ ಆಯ್ತು!' ಅಂತ ಲ್ಯಾಬ್‌ನ ಹುಡುಗನೊಬ್ಬ ಓಡಿ ಬಂದ. ಸಾಲ್ವೆಂಟ್ ಅಂದರೆ ರಿಯಾಕ್ಷನ್‌ಗೆ ಪದಾರ್ಥಗಳನ್ನು ಕರಗಿಸುವ ದ್ರವ; ಅವನು ಹೇಳಿದ್ದು ನೀರಲ್ಲದ ಸಾವಯವ ದ್ರವಗಳ ಬಗ್ಗೆ. ಅವನ ನೋಟ್‌ಬುಕ್ ತಿರುವಿ ನೋಡಿದೆ. ರಿಯಾಕ್ಷನ್‌ಗೆ 20 ಮಿಲಿ ನೀರು. ಪ್ರೊಡಕ್ಟ್ ಹೊರಗೆ ತೆಗೆಯಲು ಈಥೈಲ್ ಅಸಿಟೇಟ್ ಅನ್ನೋ ಸಾಲ್ವೆಂಟ್ 50 ಮಿಲಿ, ಮೂರು ಸಲ. ಆಮೇಲೆ ಪ್ರೊಡಕ್ಟ್ ಶುದ್ಧ ಮಾಡಲು ಕಾಲಮ್, ಅದಕ್ಕೆ ಇನ್ನೊಂದು ಸಾಲ್ವೆಂಟ್, ಒಂದು ಲೀಟರ್ ಹೆಕ್ಸೇನ್. ತುಂಬಾ ಕಷ್ಟಪಟ್ಟಿದ್ದ, ಬೈಯಲು ಮನಸ್ಸು ಬರಲಿಲ್ಲ. ಆದರೆ ಪ್ರತಿ ವರ್ಷ ಯಾರಾದರೊಬ್ಬರು ಇದನ್ನೇ ತರುತ್ತಾರೆ.

ನೀರಿನ ಶಕ್ತಿಯ ಬಗ್ಗೆ ನನಗೆ ಅನುಮಾನವಿಲ್ಲ. ಒಂದು ಡೀಲ್ಸ್-ಆಲ್ಡರ್ ರಿಯಾಕ್ಷನ್ (ಎರಡು ಅಣುಗಳು ಸೇರಿ ಉಂಗುರವಾಗುವಂಥದ್ದು) ಐಸೊಆಕ್ಟೇನ್ ಎಂಬ ಸಾಲ್ವೆಂಟ್‌ಗಿಂತ ನೀರಿನಲ್ಲಿ ಸುಮಾರು 700 ಪಟ್ಟು ಬೇಗ ಆಗುತ್ತದೆ ಅಂತ ರಸಾಯನಶಾಸ್ತ್ರಜ್ಞ ಬ್ರೆಸ್ಲೋ 1980ರಲ್ಲೇ ತೋರಿಸಿದರು. 2005ರಲ್ಲಿ ಇನ್ನೊಬ್ಬ ರಸಾಯನಶಾಸ್ತ್ರಜ್ಞ ಶಾರ್ಪ್‌ಲೆಸ್ ಅವರ ತಂಡ ನೀರಲ್ಲಿ ಕರಗದ ಪದಾರ್ಥಗಳನ್ನೇ ಹಾಕಿ ಜೋರಾಗಿ ಕಲಕಿತು. ಸಾಲ್ವೆಂಟ್ ಇಲ್ಲದೆ ಎರಡು ದಿನ ಹಿಡಿಯುತ್ತಿದ್ದದ್ದು ಹತ್ತು ನಿಮಿಷಕ್ಕೆ ಮುಗಿಯಿತು. ಹಾಗಾಗಿ ಕರಗಲಿಲ್ಲ ಅಂತ ಹೆದರಿ ಡಿಎಂಎಫ್‌ನಂಥ ಸಾಲ್ವೆಂಟ್ ಸುರಿಯಬೇಡಿ.

ನನ್ನ ತಕರಾರು ವರ್ಕಪ್ ಬಗ್ಗೆ, ಅಂದರೆ ರಿಯಾಕ್ಷನ್ ಮುಗಿದ ಮೇಲೆ ಪ್ರೊಡಕ್ಟ್ ಬೇರ್ಪಡಿಸುವ ಕೆಲಸದ ಬಗ್ಗೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. 100 ಮಿಲಿ ನೀರು ಸುಮಾರು 8 ಗ್ರಾಂ ಈಥೈಲ್ ಅಸಿಟೇಟ್ ಹೀರಿಕೊಳ್ಳುತ್ತದೆ. ಅಂದರೆ ನೀವು ಪ್ರೊಡಕ್ಟ್ ತೆಗೆಯುತ್ತಾ ತೆಗೆಯುತ್ತಾ ನೀರನ್ನು ಕೆಡಿಸುತ್ತಿದ್ದೀರಿ. ಆ ನೀರನ್ನು ಸಿಂಕ್‌ಗೆ ಬಿಡುವ ಹಾಗಿಲ್ಲ. ಸುಟ್ಟು ಹಾಕೋಣ ಅಂದರೆ ನೀರು ಉರಿಯುವುದಿಲ್ಲ, ಅಲ್ವಾ? ಆವಿ ಮಾಡೋಣ ಅಂದರೆ ಒಂದು ಕಿಲೋ ನೀರಿಗೆ ಸುಮಾರು 2,257 ಕಿಲೋಜೂಲ್ ಬೇಕು, ಅಷ್ಟೇ ಈಥೈಲ್ ಅಸಿಟೇಟ್‌ಗೆ ಬೇಕಾಗುವುದರ ಆರು ಪಟ್ಟು. ಕೊನೆಗೆ ಬರಿಯ ಈಥೈಲ್ ಅಸಿಟೇಟ್‌ನಲ್ಲೇ ಮಾಡಿದ್ದರೆ ಅದನ್ನು ಬಟ್ಟಿ ಇಳಿಸಿ ಮತ್ತೆ ಬಳಸಬಹುದಿತ್ತು, ಕಸವೂ ಕಡಿಮೆ ಆಗುತ್ತಿತ್ತೇನೋ.

ಅದಕ್ಕೇ ಹುಡುಗನಿಗೆ ಹೇಳಿದೆ: ನಿನ್ನ ಪ್ರೊಡಕ್ಟ್ ಘನ, ನೀರಲ್ಲಿ ಕರಗೋದಿಲ್ಲ, ಹಾಗಿದ್ದಮೇಲೆ ಅದನ್ನು ಕರಗಿಸಿ ಯಾಕಪ್ಪ ಎಳೀತೀಯ? ಸ್ಟಿರರ್ ನಿಲ್ಲಿಸು, ತಣ್ಣಗಾಗಲಿ, ಫಿಲ್ಟರ್ ಮಾಡು, ತಣ್ಣೀರಲ್ಲಿ ತೊಳೆ.

ಎಲ್ಲ ಕಡೆ ಇದು ನಡೆಯುತ್ತದೆ ಅಂತ ನಾನು ಹೇಳಲಾರೆ. ಪ್ರೊಡಕ್ಟ್ ಎಣ್ಣೆಯಂತಿದ್ದರೆ ಅಥವಾ ಮಿಕ್ಕ ಕಚ್ಚಾ ಪದಾರ್ಥವೂ ಅದರ ಜೊತೆ ಘನವಾಗಿ ಉಳಿದರೆ ದಾರಿ ಬೇರೆ. ಕೆಲವೊಮ್ಮೆ ಕಾಲಮ್ ತಪ್ಪುವುದೇ ಇಲ್ಲ. ಆಗ ಬಳಸಿದ ಒಟ್ಟು ಸಾಲ್ವೆಂಟ್ ಎಷ್ಟು ಅಂತ ವರದಿಯಲ್ಲಿ ಬರೆಯಿರಿ, ಫ್ಲಾಸ್ಕ್ ಒಳಗಿನ 20 ಮಿಲಿ ಮಾತ್ರ ಅಲ್ಲ.

ಮರುದಿನ ಹುಡುಗ ಬಿಳಿ ಪುಡಿ ತಂದ. ಕರಗುವ ಬಿಂದು ಸರಿಯಾಗಿತ್ತು, ಕಾಲಮ್ ಬೇಕಾಗಲಿಲ್ಲ. ಫಿಲ್ಟರ್‌ನಿಂದ ಇಳಿದ ನೀರನ್ನು ಎಸೆಯದೆ ಮುಂದಿನ ಬ್ಯಾಚ್‌ಗೆ ಇಟ್ಟುಕೊಂಡಿದ್ದಾನೆ. ಅದನ್ನು ಮಾತ್ರ ನಾನು ಹೇಳಿಕೊಟ್ಟಿರಲಿಲ್ಲ.