ವಿದೇಶಕ್ಕೆ ದತ್ತು: ಇಷ್ಟೊಂದು ಕಾಗದ, ಇಷ್ಟೊಂದು ಕಾಯುವುದು ಯಾಕೆ?

"ಆಶ್ರಮಗಳಲ್ಲಿ ಅಷ್ಟೊಂದು ಮಕ್ಕಳಿದ್ದಾರಲ್ಲ, ಕೇಳಿಕೊಂಡು ಬಂದವರಿಗೆ ಒಂದು ಮಗು ಕೊಡೋಕೆ ಇವರಿಗೇನು ಕಷ್ಟ?" ನ್ಯೂಜೆರ್ಸಿಯಲ್ಲಿರುವ ನಮ್ಮ ಸಂಬಂಧಿಕರು ಇಲ್ಲಿಂದ ಮಗು ದತ್ತು ತಗೊಳ್ಳಲು ಹೊರಟಾಗ ಮನೆಯಲ್ಲಿ ಎಲ್ಲರ ಬಾಯಲ್ಲೂ ಇದೇ ಪ್ರಶ್ನೆ. ಆಗ ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಅವರ ಕಾಗದಪತ್ರಗಳಿಗಾಗಿ ಇಲ್ಲಿ ಓಡಾಡುತ್ತಾ ಓಡಾಡುತ್ತಾ ಒಂದೊಂದೇ ಗೊತ್ತಾಯಿತು. ಒಂದೊಂದು ನಿಯಮದ ಹಿಂದೆಯೂ ಎಲ್ಲೋ ಯಾವುದೋ ಮಗುವಿಗೆ ಆದ ಅನ್ಯಾಯ ಇದೆ.

ಹಳೆಯದನ್ನು ಬೇಗ ಹೇಳಿ ಮುಗಿಸುತ್ತೇನೆ. 1956ರ ಹಿಂದೂ ದತ್ತಕ ಕಾಯ್ದೆ ಇದ್ದದ್ದು ಹಿಂದೂಗಳಿಗೆ. ವಿದೇಶಿ ದಂಪತಿಗೆ ಇಲ್ಲಿ ದತ್ತು ಪಡೆಯುವ ಕಾನೂನೇ ಇರಲಿಲ್ಲ. ಅವರು ಬ್ರಿಟಿಷರ ಕಾಲದ 1890ರ ಪೋಷಕರ ಕಾಯ್ದೆಯಡಿ ಕೋರ್ಟಿನಿಂದ ಗಾರ್ಡಿಯನ್ ಅಂತ ಆದೇಶ ಪಡೆದು, ಮಗುವನ್ನು ಕರೆದುಕೊಂಡು ಹೋಗಿ, ತಮ್ಮ ದೇಶದಲ್ಲಿ ದತ್ತು ಮಾಡಿಕೊಳ್ಳುತ್ತಿದ್ದರು. ಅಲ್ಲಿ ದತ್ತು ಆಯಿತೋ ಇಲ್ಲವೋ, ಮಗು ಹೇಗಿದೆಯೋ, ಇಲ್ಲಿಂದ ಕೇಳುವವರು ಹೆಚ್ಚಾಗಿ ಯಾರೂ ಇರಲಿಲ್ಲ. 1982ರಲ್ಲಿ ಲಕ್ಷ್ಮೀಕಾಂತ್ ಪಾಂಡೆ ಎಂಬ ವಕೀಲರು ಇದರ ಬಗ್ಗೆ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಕೋರ್ಟ್ ಆ ಪತ್ರವನ್ನೇ ಅರ್ಜಿ ಅಂತ ತಗೊಂಡಿತು. 1984ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ ಕೊಟ್ಟ ತೀರ್ಪೇ ಇವತ್ತಿನ ಎಲ್ಲ ನಿಯಮಗಳ ಬುಡ. ಮೊದಲು ಮಗುವಿಗೆ ದೇಶದೊಳಗೇ ಮನೆ ಹುಡುಕಿ, ಸಿಗದಿದ್ದರೆ ಮಾತ್ರ ಹೊರಗೆ. ಹೊರಗಿನವರು ನೇರವಾಗಿ ಬರುವ ಹಾಗಿಲ್ಲ, ಅವರ ದೇಶದ ಮಾನ್ಯತೆ ಇರುವ ಸಂಸ್ಥೆ ಮೂಲಕವೇ ಬರಬೇಕು. 1990ರಲ್ಲಿ ಕಾರಾ ಹುಟ್ಟಿತು. ಅಂದರೆ ದತ್ತು ವಿಷಯ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ. 2003ರಲ್ಲಿ ಭಾರತ ಹೇಗ್ ಒಪ್ಪಂದಕ್ಕೆ ಸೇರಿತು. ಒಂದು ದೇಶದ ಮಗು ಇನ್ನೊಂದು ದೇಶಕ್ಕೆ ದತ್ತು ಹೋಗುವಾಗ ಎರಡೂ ಕಡೆ ಪಾಲಿಸಬೇಕಾದ ಅಂತರರಾಷ್ಟ್ರೀಯ ಒಪ್ಪಂದ ಅದು.

ಇಷ್ಟಾದರೂ ದುಡ್ಡಿನ ದಾರಿ ಮುಚ್ಚಲಿಲ್ಲ. 2000ದ ಆಸುಪಾಸಿನಲ್ಲಿ ಆಗಿನ ಅವಿಭಜಿತ ಆಂಧ್ರದ ಲಂಬಾಣಿ ತಾಂಡಾಗಳಿಂದ ಹೆಣ್ಣು ಶಿಶುಗಳನ್ನು ಕೆಲವು ಸಾವಿರ ರೂಪಾಯಿಗೆ ಕೊಂಡು, ದತ್ತು ಕೇಂದ್ರಗಳ ಮೂಲಕ ವಿದೇಶಕ್ಕೆ ಕಳಿಸುತ್ತಿದ್ದ ಸುದ್ದಿ ಹೊರಬಿತ್ತು. ಬೇರೆ ರಾಜ್ಯಗಳಿಂದಲೂ ಅಂಥದೇ ದೂರುಗಳು ಬಂದವು. ಒಬ್ಬರ ಮೇಲೆ ಬೆರಳು ತೋರಿಸಿದರೆ ಮುಗಿಯುವ ವಿಷಯ ಅಲ್ಲ ಇದು. ಒಂದು ಕಡೆ ಬಡತನ, ಇನ್ನೊಂದು ಕಡೆ ಡಾಲರ್, ಯಾವ ಮಗು ಯಾರಿಗೆ ಅಂತ ತೀರ್ಮಾನಿಸುವ ಅಧಿಕಾರ ಮಧ್ಯದಲ್ಲಿರುವ ಸಂಸ್ಥೆಗೆ. ಹೀಗಿರುವಾಗ ತಪ್ಪಾಗದೇ ಇದ್ದಿದ್ದರೇ ಆಶ್ಚರ್ಯ.

ಆ ಅಧಿಕಾರವನ್ನು ಕಿತ್ತುಕೊಂಡದ್ದು 2015. ಅಲ್ಲಿವರೆಗೆ ದಂಪತಿ ಒಂದೊಂದು ಸಂಸ್ಥೆಯ ಬಾಗಿಲಿಗೂ ಹೋಗಿ ಹೆಸರು ಬರೆಸಬೇಕಿತ್ತು. ಆ ವರ್ಷದ ಆಗಸ್ಟ್ 1ರಿಂದ ಎಲ್ಲವೂ ಕೇರಿಂಗ್ಸ್ ಎಂಬ ಆನ್‌ಲೈನ್ ವ್ಯವಸ್ಥೆಗೆ ಬಂತು. ದೇಶಕ್ಕೆಲ್ಲ ಒಂದೇ ಸಾಲು, ಮೊದಲು ಹೆಸರು ಕೊಟ್ಟವರಿಗೆ ಮೊದಲು. ಇದು ಒಳ್ಳೆಯ ಬದಲಾವಣೆ ಅಂತಲೇ ನನ್ನ ಅಭಿಪ್ರಾಯ. ಆದರೆ ಸಾಲು ಕಣ್ಣಿಗೆ ಕಾಣುವಂತಾದ ಮೇಲೆ ಅದು ಎಷ್ಟು ಉದ್ದ ಅನ್ನೋದೂ ಕಂಡಿತು. 2017ರಲ್ಲಿ ಸುಮಾರು 18 ಸಾವಿರ ಇದ್ದ ಅರ್ಜಿದಾರರು 2021ರ ಡಿಸೆಂಬರ್ ಹೊತ್ತಿಗೆ 27,939 ಆದರು. ಅದೇ ಹೊತ್ತಿನಲ್ಲಿ ಪಾಲನಾ ಸಂಸ್ಥೆಗಳಲ್ಲಿ ದತ್ತು ಕೊಡಬಹುದಾದ ಮಕ್ಕಳು 6,996. ಅವರಲ್ಲಿ 'ದತ್ತು ಮುಕ್ತ', ಅಂದರೆ ದತ್ತು ಕೊಡಲು ಕಾನೂನಿನ ಅಡ್ಡಿ ಇಲ್ಲ, ಎಂದು ಘೋಷಣೆಯಾದವರು 2,430 ಮಾತ್ರ.

ಆ 6,996 ಮತ್ತು 2,430ರ ನಡುವೆ ಇರುವ ಮಕ್ಕಳ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಆಸ್ಪತ್ರೆ ಮುಂದಿನ ಮಮತೆಯ ತೊಟ್ಟಿಲಲ್ಲಿ ಒಂದು ಶಿಶು ಸಿಕ್ಕಿತು ಅಂದುಕೊಳ್ಳಿ. ಮಗುವನ್ನು ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು. ಪತ್ರಿಕೆಯಲ್ಲಿ ಫೋಟೊ ಹಾಕಿ ಪ್ರಕಟಣೆ ಕೊಡಬೇಕು. ಹೆತ್ತವರು ಪತ್ತೆಯಾಗಿಲ್ಲ ಅಂತ ಪೊಲೀಸರು ವರದಿ ಕೊಡಬೇಕು. ಎರಡು ವರ್ಷದೊಳಗಿನ ಮಗುವಾದರೆ ಎರಡು ತಿಂಗಳಲ್ಲಿ, ದೊಡ್ಡ ಮಗುವಾದರೆ ನಾಲ್ಕು ತಿಂಗಳಲ್ಲಿ ಸಮಿತಿ ಆದೇಶ ಕೊಡಬೇಕು ಅನ್ನುತ್ತದೆ ಕಾನೂನು. ತಾಯಿಯೇ ಬಂದು ಒಪ್ಪಿಸಿದ್ದರೆ ಮನಸ್ಸು ಬದಲಾಯಿಸಲು ಅವಳಿಗೆ ಎರಡು ತಿಂಗಳು ಟೈಮ್ ಇರುತ್ತದೆ, ಇರಲೇಬೇಕು. ಆದರೆ ಒಂದು ವರದಿ ತಡವಾದರೆ ಕಡತ ಅಲ್ಲೇ ನಿಲ್ಲುತ್ತದೆ. ಮಗು ನಿಲ್ಲುವುದಿಲ್ಲ, ಬೆಳೆಯುತ್ತಲೇ ಇರುತ್ತದೆ. ಆರು ತಿಂಗಳ ಶಿಶು ಎರಡು ವರ್ಷದ್ದಾದ ಮೇಲೆ ಕೇಳುವವರು ಕಮ್ಮಿ.

ದತ್ತು ಮುಕ್ತವಾದ ಮೇಲೆ ಸಾಮಾನ್ಯವಾಗಿ 60 ದಿನ ಭಾರತದಲ್ಲಿರುವವರಿಗೆ ಮತ್ತು ಎನ್‌ಆರ್‌ಐಗಳಿಗೆ ಅವಕಾಶ. ಅಷ್ಟರಲ್ಲಿ ಮನೆ ಸಿಗದಿದ್ದರೆ ಮಗು ವಿದೇಶದವರಿಗೆ. ಅಲ್ಲೂ ಮೊದಲು ಓಸಿಐ ಕಾರ್ಡ್ ಇರುವವರು, ಅಂದರೆ ಭಾರತ ಮೂಲದ ವಿದೇಶಿ ಪ್ರಜೆಗಳು, ಆಮೇಲೆ ಉಳಿದವರು. ಹಾಗಾಗಿ ಅಲ್ಲಿಗೆ ಬರುವುದು ಹೆಚ್ಚಾಗಿ ಐದು ವರ್ಷ ದಾಟಿದ ಮಕ್ಕಳು, ಬಿಟ್ಟಿರಲಾಗದ ಅಣ್ಣ ತಂಗಿ, ಆರೋಗ್ಯದ ತೊಂದರೆ ಇರುವ ಮಕ್ಕಳು. ಇಲ್ಲಿ ಯಾರೂ ಆರಿಸದ ಮಕ್ಕಳು. ಇದನ್ನು ಬರೆಯುವಾಗ ನನಗೆ ಬೇಜಾರಾಗುತ್ತದೆ.

ನಮ್ಮವರು ಅಮೆರಿಕದ ಪ್ರಜೆಗಳು. ಮಾನ್ಯತೆ ಇರುವ ಏಜೆನ್ಸಿಯಲ್ಲಿ ಹೆಸರು ಕೊಟ್ಟು, ಹೋಮ್ ಸ್ಟಡಿ ಮಾಡಿಸಿದರು. ಸಮಾಜ ಕಾರ್ಯಕರ್ತೆಯೊಬ್ಬರು ಮನೆಗೆ ಬಂದು ಸಂಬಳದ ಚೀಟಿ, ವೈದ್ಯರ ಪತ್ರ, ಮಗು ಮಲಗುವ ಕೋಣೆ ಎಲ್ಲ ನೋಡಿದರು. ಆಮೇಲೆ ಅಲ್ಲಿನ ವಲಸೆ ಇಲಾಖೆಗೆ ಐ-800ಎ ಅರ್ಜಿ, ಹೊರದೇಶದ ಮಗುವನ್ನು ದತ್ತು ಪಡೆಯಲು ಇವರು ಅರ್ಹರು ಅಂತ ಒಪ್ಪಿಗೆ ಕೇಳುವುದು. 2024ರ ಏಪ್ರಿಲ್‌ನಿಂದ ಅದರ ಶುಲ್ಕ 920 ಡಾಲರ್. ಆ ಒಪ್ಪಿಗೆಗೆ ಬಾಳಿಕೆ 15 ತಿಂಗಳು. ಅಷ್ಟರಲ್ಲಿ ಮಗು ಸಿಗದಿದ್ದರೆ ಮತ್ತೆ ಬೆರಳಚ್ಚು, ಮತ್ತೆ ಹೋಮ್ ಸ್ಟಡಿ ಪರಿಷ್ಕರಣೆ. ಇವರಿಗೆ ಒಮ್ಮೆ ಹಾಗೂ ಆಯಿತು.

ಒಂದು ರಾತ್ರಿ ಇವರಿಗೆ ಮಗುವಿನ ವಿವರ ಬಂತು. ಮಗುವನ್ನು ಕಾಯ್ದಿರಿಸಲು 96 ಗಂಟೆ. ಆಮೇಲೆ ವೈದ್ಯರಿಗೆ ತೋರಿಸಿ ಸಹಿ ಹಾಕಲು 30 ದಿನ. ಆ ವೈದ್ಯಕೀಯ ವರದಿಯನ್ನು ನನಗೂ ಕಳಿಸಿದ್ದರು. ಎರಡು ಹಾಳೆ. ತೂಕ, ಎತ್ತರ, ತಲೆಯ ಸುತ್ತಳತೆ, ಲಸಿಕೆಗಳ ತಾರೀಕು, 'ಸೀಳು ತುಟಿ, ಶಸ್ತ್ರಚಿಕಿತ್ಸೆ ಆಗಿದೆ' ಅಂತ ಒಂದು ಸಾಲು. ಫೋಟೊದಲ್ಲಿ ಕೆಂಪು ಪ್ಲಾಸ್ಟಿಕ್ ಕುರ್ಚಿ ಹಿಡಿದು ನಿಂತ ಹುಡುಗಿ. ಎರಡೂ ಚಪ್ಪಲಿ ಅದಲುಬದಲಾಗಿದ್ದವು. ದತ್ತು ತಗೊಳ್ಳುತ್ತಿದ್ದ ನಮ್ಮ ಅಕ್ಕ ಫೋನಿನಲ್ಲಿ ಮಾತಾಡಿದ್ದು ಆ ಚಪ್ಪಲಿ ಬಗ್ಗೆಯೇ, ತುಟಿಯ ಬಗ್ಗೆ ಅಲ್ಲ.

ಆಮೇಲೂ ದಾರಿ ಇದೆ. ಆ ದೇಶದ ಒಪ್ಪಿಗೆ ಪತ್ರ, ಕಾರಾದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ), ದತ್ತು ಆದೇಶ, ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ವೀಸಾ. ಆದೇಶ ಕೊಡುವುದು ಮುಂಚೆ ಕೋರ್ಟ್ ಆಗಿತ್ತು. 2022ರ ಸೆಪ್ಟೆಂಬರ್‌ನಿಂದ ಆ ಕೆಲಸ ಜಿಲ್ಲಾಧಿಕಾರಿಯದು. ಬೇಗ ಆಗಲಿ ಅಂತಲೇ ಮಾಡಿದ ಬದಲಾವಣೆ, ಆದರೆ ಕೋರ್ಟಿನಲ್ಲಿದ್ದ ಕಡತಗಳು ಡಿಸಿ ಕಚೇರಿಗೆ ಹೋಗುವ ಗೊಂದಲದಲ್ಲಿ ಎಷ್ಟೋ ಮನೆಯವರು ತಿಂಗಳುಗಟ್ಟಲೆ ಸುಮ್ನೆ ಕಾದರು.

ಖರ್ಚಿನ ವಿಷಯ. ವಿದೇಶದಲ್ಲಿರುವವರು ಇಲ್ಲಿನ ದತ್ತು ಕೇಂದ್ರಕ್ಕೆ ಕೊಡಬೇಕಾದದ್ದು 5,000 ಡಾಲರ್, ಅಂದರೆ ನಾಲ್ಕು ಲಕ್ಷ ರೂಪಾಯಿ ಮೀರುತ್ತದೆ. ಅದು ನಿಗದಿಯಾದ ಮೊತ್ತ. ಅದರ ಮೇಲೆ 'ದೇಣಿಗೆ' ಅಂತ ಯಾರಾದರೂ ಕೇಳಿದರೆ ಕೊಡಬೇಡಿ, ಅದು ನಿಯಮಕ್ಕೆ ವಿರುದ್ಧ. ದೊಡ್ಡ ಖರ್ಚು ಇರುವುದು ಆ ಕಡೆ: ಏಜೆನ್ಸಿ, ಹೋಮ್ ಸ್ಟಡಿ, ದಾಖಲೆ, ವಿಮಾನ. ಎಲ್ಲ ಸೇರಿ ಹತ್ತಾರು ಸಾವಿರ ಡಾಲರ್ ಆಗುತ್ತದೆ.

ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ ಅಮೆರಿಕದಲ್ಲಿರುವ ನಮ್ಮ ಹುಡುಗರಿಗೆ ಇನ್ನೊಂದು ತೊಡಕು. ಐ-800ಎ ಹಾಕಲು ಅಮೆರಿಕದ ಪ್ರಜೆಯೇ ಆಗಿರಬೇಕು. ದತ್ತು ಮಗುವಿಗೆ ಅವಲಂಬಿತರ ವೀಸಾ ಬೇಕೆಂದರೆ ಎರಡು ವರ್ಷ ಮಗು ತಮ್ಮ ಸುಪರ್ದಿಯಲ್ಲಿ, ತಮ್ಮ ಜೊತೆಯಲ್ಲೇ ಇದ್ದಿರಬೇಕು. ಅಣ್ಣನ ಮಗನನ್ನೋ ತಂಗಿಯ ಮಗಳನ್ನೋ ದತ್ತು ತಗೊಂಡು, ಹೋಮ ಮಾಡಿಸಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರ ನೋಂದಾಯಿಸಿ, ಇನ್ನೇನು ಹೊರಟೆವು ಅಂದುಕೊಂಡವರೂ ವೀಸಾ ಹತ್ತಿರ ಸಿಕ್ಕಿಬಿದ್ದಿದ್ದಾರೆ. ಇಲ್ಲಿನ ಕಾನೂನಿಗೆ ಅದು ಪಕ್ಕಾ ದತ್ತು, ಹೇಗ್ ದೇಶಗಳಿಗೆ ಸಾಲದು. 2021ರ ಸೆಪ್ಟೆಂಬರ್‌ನಲ್ಲಿ ಇಂಥವರಿಗೂ ಕಾರಾದಿಂದ ಎನ್‌ಒಸಿ ಸಿಗುವ ದಾರಿ ಮಾಡಿದರು. ಸಂಬಂಧಿಕರ ಮಗು ತಾನೇ ಅಂತ ಹೋಮಕ್ಕೆ ದಿನ ಗೊತ್ತು ಮಾಡುವ ಮುಂಚೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಒಮ್ಮೆ ವಿಚಾರಿಸಿ.

ಹೊರಗೆ ಬಾಗಿಲುಗಳು ಮುಚ್ಚುತ್ತಿವೆ. ಚೀನಾ 2024ರಲ್ಲಿ ವಿದೇಶಿ ದತ್ತು ನಿಲ್ಲಿಸಿತು. ನೆದರ್ಲೆಂಡ್ಸ್ ಹಳೆಯ ಅಕ್ರಮಗಳು ಹೊರಬಂದ ಮೇಲೆ 2021ರಲ್ಲೇ ತಡೆ ಹಾಕಿತು. ಭಾರತದಿಂದ 2023-24ರಲ್ಲಿ ಹೊರಗೆ ಹೋದ ಮಕ್ಕಳು 449, ದೇಶದೊಳಗೆ ದತ್ತು ಹೋದವರು 3,560.

ನಮ್ಮ ಹುಡುಗಿ ಅಲ್ಲಿಗೆ ಹೋದ ಮೇಲೆ ಎರಡು ವರ್ಷ ವರದಿ ಕಳಿಸಬೇಕಿತ್ತು. ಮೊದಲ ವರ್ಷ ಮೂರು ತಿಂಗಳಿಗೊಂದು, ಎರಡನೇ ವರ್ಷ ಆರು ತಿಂಗಳಿಗೊಂದು, ಒಟ್ಟು ಆರು. ಈಗ ಆರೂ ಮುಗಿದಿವೆ. ಅಕ್ಕ ಆ ಫೈಲನ್ನು ಎಸೆದಿಲ್ಲ. 18 ತುಂಬಿದ ಮೇಲೆ ತನ್ನ ಮೂಲದ ಬಗ್ಗೆ ತಾನೇ ಕೇಳುವ ಹಕ್ಕು ಹುಡುಗಿಗಿದೆ. ಎಪ್ಪತ್ತು ಎಂಬತ್ತರ ದಶಕದಲ್ಲಿ ಯುರೋಪಿಗೆ ಹೋದ ಮಕ್ಕಳು ಈಗ ನಡುವಯಸ್ಸಿನವರಾಗಿ ಇಲ್ಲಿಗೆ ಬಂದು ಇದನ್ನೇ ಕೇಳುತ್ತಿದ್ದಾರೆ. ಅವರಲ್ಲಿ ಎಷ್ಟೋ ಜನರ ಕೈಯಲ್ಲಿರುವುದು ಗಾರ್ಡಿಯನ್ ಆದೇಶದ ಒಂದು ಹಾಳೆ. ತಾಯಿಯ ಹೆಸರು ಇರಬೇಕಾದ ಜಾಗ ಖಾಲಿ.