ನೂರ ಐದನ್ನು 1005 ಎಂದು ಬರೆದ ಮಗುವಿಗೆ ಏನು ಗೊತ್ತಿದೆ?

ಎರಡನೇ ತರಗತಿಯಲ್ಲಿ ‘ನೂರ ಐದು’ ಬರೆಯಿರಿ ಅಂತ ಹೇಳಿ ನೋಡಿ. ಕೆಲವರಾದರೂ 1005 ಎಂದು ಬರೆದಿರುತ್ತಾರೆ. ಪ್ರಾಥಮಿಕ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಮಾಡುವ ನಾನು ಇದನ್ನು ಪ್ರತಿ ವರ್ಷ ನೋಡುತ್ತೇನೆ. ನೂರರವರೆಗೆ ಸಲೀಸಾಗಿ ಹೇಳ್ತಿತ್ತಲ್ಲ, ಈಗೇನಾಯ್ತು ಅಂತ ಅಪ್ಪ ಅಮ್ಮ ಗಾಬರಿಯಿಂದ ನೋಟ್‌ಬುಕ್ ಹಿಡಿದು ಬರುತ್ತಾರೆ.

ಏನೂ ಆಗಿಲ್ಲ. ಮಗು ಕೇಳಿದ್ದನ್ನು ಕೇಳಿದ ಹಾಗೇ ಬರೆದಿದೆ. ಮೊದಲು ನೂರು, ಅಂದರೆ 100. ಆಮೇಲೆ ಐದು. ಅದರ ಪ್ರಕಾರ ಸರಿಯಾಗೇ ಇದೆ ಅಲ್ವಾ? ರೋಮನ್ನರು ಬರೆಯುತ್ತಿದ್ದದ್ದೂ ಹೀಗೇ. ನೂರಕ್ಕೊಂದು ಗುರುತು, ಪಕ್ಕದಲ್ಲಿ ಐದಕ್ಕೊಂದು ಗುರುತು, ಮುಗೀತು. ಅವರ ಅಂಕಿಗಳಲ್ಲಿ ಸೊನ್ನೆಯೇ ಇರಲಿಲ್ಲ. ಸೊನ್ನೆಯನ್ನೂ ಒಂದು ಸಂಖ್ಯೆ ಎಂದು ಹಿಡಿದು ಅದರ ಲೆಕ್ಕದ ನಿಯಮಗಳನ್ನು ಬ್ರಹ್ಮಗುಪ್ತ ಬರೆದಿಟ್ಟದ್ದು 628ರಲ್ಲಿ. ಅಷ್ಟು ಕಾಲ ಹಿಡಿದ ವಿಚಾರವನ್ನು ಏಳು ವರ್ಷದ ಮಗು ಒಂದೇ ವಾರದಲ್ಲಿ ಕಲಿಯಲಿ ಅಂತ ನಾವು ಅವಸರ ಮಾಡುತ್ತೇವೆ.

ನಾನು ಇದನ್ನು ಹಲಗೆಯ ಮೇಲೆ ತಿದ್ದುವುದಿಲ್ಲ. ಕಡ್ಡಿ ಕೊಡುತ್ತೇನೆ. ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್, ಅಂಥ ಹತ್ತು ಕಟ್ಟು ಸೇರಿಸಿ ಒಂದು ದೊಡ್ಡ ಕಟ್ಟು. ನೆಲದ ಮೇಲೆ ಮೂರು ಮನೆ: ನೂರು, ಹತ್ತು, ಬಿಡಿ. ಈಗ ನೂರ ಐದು ಇಡು ಅಂತೀನಿ. ಒಬ್ಬ ಹುಡುಗಿ ದೊಡ್ಡ ಕಟ್ಟು ಇಟ್ಟಳು, ಐದು ಬಿಡಿ ಕಡ್ಡಿ ಇಟ್ಟಳು, ನಡುವಿನ ಖಾಲಿ ಮನೆಯನ್ನೇ ತುಂಬಾ ಹೊತ್ತು ನೋಡಿದಳು. ‘ಇಲ್ಲಿ ಏನೂ ಇಲ್ವಲ್ಲ ಮಿಸ್, ಏನು ಬರೀಲಿ?’ ಸೊನ್ನೆ ಯಾಕೆ ಬೇಕು ಎನ್ನುವುದು ಅವಳಿಗೆ ಹೊಳೆದದ್ದು ಆ ಕ್ಷಣದಲ್ಲಿ. ಆ ಪ್ರಶ್ನೆ ಮಗುವಿನ ಬಾಯಿಂದಲೇ ಬರಲಿ ಅಂತ ಒಂದಿಡೀ ಪೀರಿಯಡ್ ಕಾದರೂ ನಷ್ಟವಿಲ್ಲ.

ಕಳೆಯುವ ಲೆಕ್ಕದಲ್ಲೂ ಇದೇ ಕಥೆ. 52ರಲ್ಲಿ 27 ಕಳೆದರೆ 35 ಎಂದು ಬರೆಯುವ ಮಕ್ಕಳು ಬಹಳ. ಎರಡರಲ್ಲಿ ಏಳು ಹೋಗಲ್ಲ, ಅದಕ್ಕೆ ಏಳರಲ್ಲಿ ಎರಡು ಕಳೆದುಬಿಡುತ್ತಾರೆ. ಸುಮ್ನೆ ಗೀಚಿದ್ದಲ್ಲ ಅದು. ದೊಡ್ಡದರಲ್ಲಿ ಚಿಕ್ಕದು ಕಳೆಯಬೇಕು ಎಂದು ನಾವೇ ಹೇಳಿಕೊಟ್ಟ ಮಾತನ್ನು ಪಾಲಿಸಿದ್ದು. ‘ಪಕ್ಕದಿಂದ ಸಾಲ ತಗೋ’ ಅಂದರೆ ಆ ಸಾಲ ಹತ್ತು ಯಾಕಾಯ್ತು ಅಂತ ಮಗುವಿಗೆ ತಿಳಿಯುವುದಿಲ್ಲ. ಕೈಯಲ್ಲಿ ಕಡ್ಡಿ ಇದ್ದರೆ ಅದೇ ಒಂದು ಕಟ್ಟು ಬಿಚ್ಚುತ್ತದೆ. ನಾಲ್ಕು ಕಟ್ಟು, ಹನ್ನೆರಡು ಬಿಡಿ. ಈಗ ಏಳು ಬಿಡಿ ತೆಗೆಯುವುದು ಸುಲಭ, ಆಮೇಲೆ ಎರಡು ಕಟ್ಟು ತೆಗೆದರಾಯ್ತು. ಉಳಿದದ್ದು 25.

ಮಗ್ಗಿ ಬಾಯಿಪಾಠ ಬೇಡವೇ ಅಂತ ಕೇಳುತ್ತಾರೆ. ಬೇಕು, ಖಂಡಿತ ಬೇಕು. ಮಗ್ಗಿ ನಾಲಿಗೆ ತುದಿಯಲ್ಲಿದ್ದರೆ ದೊಡ್ಡ ಲೆಕ್ಕ ಮಾಡುವಾಗ ತಲೆ ಹಗುರ. ಆದರೆ ಮಗ್ಗಿ ಹೇಳುವ ಮಗುವಿಗೆ ಲೆಕ್ಕ ಬರುತ್ತದೆ ಎಂದು ತೀರ್ಮಾನಿಸಬೇಡಿ.

ಮನೆಯಲ್ಲಿ ಮಾಡಬಹುದಾದದ್ದು ಒಂದಿದೆ. 8 + 4 = □ + 5 ಎಂದು ಬರೆದು ಮೂರನೇ ತರಗತಿಯ ಮಗುವಿಗೆ ಕೊಡಿ. ಚೌಕದಲ್ಲಿ ಅದು 12 ಬರೆಯಬಹುದು, 17 ಕೂಡ ಬರೆಯಬಹುದು. ಸಮ ಚಿಹ್ನೆ ಎಂದರೆ ‘ಉತ್ತರ ಇಲ್ಲಿ ಬರೆ’ ಎಂದು ಅದು ಅಂದುಕೊಂಡಿದೆ, ಎರಡೂ ಕಡೆ ಒಂದೇ ತೂಕ ಇರಬೇಕು ಎಂಬುದು ಇನ್ನೂ ತಿಳಿದಿಲ್ಲ. ತಕ್ಷಣ ‘ತಪ್ಪು’ ಅನ್ನಬೇಡಿ, 7 ಅಂತ ಹೇಳಿಕೊಡಲೂ ಬೇಡಿ. ‘ಇದು ಹೇಗೆ ಬಂತು, ನನಗೂ ಹೇಳು’ ಅನ್ನಿ. ಆಮೇಲೆ ಒಂದೆರಡು ನಿಮಿಷ ಬಾಯಿ ಮುಚ್ಚಿಕೊಂಡು ಕೇಳಿ. ಎಷ್ಟೋ ಸಲ ಹೇಳುತ್ತಾ ಹೇಳುತ್ತಾ ಮಗುವೇ ನಡುವೆ ನಿಂತು ರಬ್ಬರ್ ಹುಡುಕುತ್ತದೆ.